ಜಿರೋನಾದಲ್ಲಿ ನಾಲ್ಕು ದಿನ ರೋಡ್ ಬೈಕ್: ಯಾವ ದಾರಿ, ಯಾವ ಗೇರ್, ಏನು ಜಾಗ್ರತೆ?

ನಿಮ್ಮ ಪ್ರಶ್ನೆ ಇಷ್ಟು: ಮೇ ತಿಂಗಳಲ್ಲಿ ಕೆಲಸದ ಮೇಲೆ ಬಾರ್ಸಿಲೋನಾಕ್ಕೆ ಹೋಗುತ್ತಿದ್ದೀರಿ, ಆಮೇಲೆ ನಾಲ್ಕು ದಿನ ಬಿಡುವಿದೆ, ಸ್ಪೇನ್‌ನ ಅದೇ ಭಾಗದ ಜಿರೋನಾ ಊರಿನಲ್ಲಿ ಸೈಕಲ್ ಬಾಡಿಗೆಗೆ ಪಡೆದು ಸುತ್ತಬೇಕು. ನಂದಿ ಬೆಟ್ಟವನ್ನು ಎಲ್ಲೂ ನಿಲ್ಲದೆ ಹತ್ತುತ್ತೀರಿ, ಆದರೂ ಅಲ್ಲಿನ ರೊಕಕೊರ್ಬಾ ಬೆಟ್ಟ ಹತ್ತಲು ಆದೀತೇ ಎಂಬ ಅಳುಕಿದೆ. ಆಗುತ್ತದೆ, ಗೇರ್ ಸರಿಯಾಗಿದ್ದರೆ ಸಾಕು. ನಮ್ಮ ಕಡೆಯಿಂದ ಹೋದವರಿಗೆ ಅಲ್ಲಿ ನಿಜವಾಗಿ ತೊಡಕಾಗುವುದು ಬ್ರೇಕು ಮತ್ತು ರಸ್ತೆಯ ಬಲಬದಿ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಸ್ಪೇನ್‌ನಲ್ಲಿ ಬಾಡಿಗೆಗೆ ಕೊಡುವ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಎಡಗೈ ಲಿವರ್ ಮುಂದಿನ ಚಕ್ರವನ್ನು ಹಿಡಿಯುತ್ತದೆ, ಬಲಗೈ ಹಿಂದಿನದನ್ನು. ನಮ್ಮಲ್ಲಿ ಹೆಚ್ಚಿನ ಸೈಕಲ್‌ಗಳಲ್ಲಿ ಇದು ತಿರುಗಮುರುಗ. ಮೋಟಾರ್‌ಬೈಕ್, ಸ್ಕೂಟರ್ ಓಡಿಸಿದ ಕೈಗಂತೂ ಬಲಗೈ ಮುಂದಿನ ಬ್ರೇಕು ಎಂಬುದು ರಕ್ತಗತ. ನಿಧಾನವಾಗಿ ಹೋಗುವಾಗ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಎದುರಿಗೆ ಕಾರು ಬಂದಾಗ ಕೈ ಯೋಚಿಸದೆ ಬಲಗಡೆ ಗಟ್ಟಿಯಾಗಿ ಒತ್ತುತ್ತದೆ, ಹಿಂದಿನ ಚಕ್ರ ಕಚ್ಚಿಕೊಂಡು ಅಡ್ಡ ಜಾರುತ್ತದೆ. ಬುಕ್ ಮಾಡುವಾಗಲೇ "ಮುಂದಿನ ಬ್ರೇಕು ಬಲಗೈಗೆ ಬೇಕು" ಎಂದು ಬರೆದು ಕೇಳಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿನಲ್ಲಿ ಹೋಸ್ ಬದಲಿಸಿ, ಎಣ್ಣೆ ತುಂಬಿ, ಗಾಳಿ ತೆಗೆಯಬೇಕಾಗುವುದರಿಂದ ಸೈಕಲ್ ಪಡೆಯಲು ಹೋದ ದಿನ ಕೇಳಿದರೆ ಮಾಡಿಕೊಡುವುದು ಕಷ್ಟ. ಬದಲಿಸಲು ಆಗದಿದ್ದರೆ ಜಿರೋನಾದ ಡೆವೆಸಾ ಪಾರ್ಕಿನ ಪಕ್ಕದ ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ ಬರೀ ಬ್ರೇಕ್ ಹಿಡಿದು ಅಭ್ಯಾಸ ಮಾಡಿ. ಗಂಟೆಗೆ 25 ಕಿ.ಮೀ. ವೇಗದಿಂದ ನಿಲ್ಲಿಸುವುದನ್ನು ಇಪ್ಪತ್ತು ಸಲವಾದರೂ ಮಾಡಿ, ಪ್ರತಿ ಸಲ ಸೊಂಟವನ್ನು ಸೀಟಿನ ಹಿಂದಕ್ಕೆ ಸರಿಸಿ.

ಇನ್ನು ಬಲಬದಿ. ವಾಹನಗಳ ನಡುವೆ ಇದ್ದಾಗ ತಪ್ಪಾಗುವುದಿಲ್ಲ, ಎಲ್ಲರ ಹಿಂದೆ ಹೋಗುತ್ತೀರಿ. ಅಪಾಯವಿರುವುದು ಖಾಲಿ ರಸ್ತೆಯಲ್ಲಿ, ಅದೂ ಕಾಫಿಗೆ ನಿಂತು ಮತ್ತೆ ಹೊರಟ ಮೊದಲ ನೂರು ಮೀಟರ್‌ನಲ್ಲಿ. ಕಾಲು ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಹ್ಯಾಂಡಲ್‌ನ ಬಲಭಾಗಕ್ಕೆ ಬಣ್ಣದ ಟೇಪಿನ ಒಂದು ತುಂಡು ಸುತ್ತಿಡಿ. ವೃತ್ತಗಳಲ್ಲಿ ವಾಹನಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತವೆ, ಒಳಗಿರುವವರಿಗೆ ಆದ್ಯತೆ, ಹಾಗಾಗಿ ಪ್ರವೇಶಿಸುವ ಮುಂಚೆ ಎಡಕ್ಕೆ ನೋಡಬೇಕು.

ಈಗ ಸೈಕಲ್. ಮುಂದೆ, ಪೆಡಲ್ ಬಳಿ, 50/34 ಹಲ್ಲಿನ ಕಾಂಪ್ಯಾಕ್ಟ್ ಚೈನ್‌ರಿಂಗ್ (ಹಲ್ಲುಚಕ್ರ), ಹಿಂದೆ 11-32 ಅಥವಾ 11-34 ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು; ಅಂಕಿಗಳು ಅತಿ ಸಣ್ಣ, ಅತಿ ದೊಡ್ಡ ಚಕ್ರದ ಹಲ್ಲುಗಳು) ಕೇಳಿ. ಕಾರಣ ಲೆಕ್ಕದಲ್ಲೇ ಇದೆ. ಮುಂದೆ 34, ಹಿಂದೆ 32 ಹಾಕಿ ನಿಮಿಷಕ್ಕೆ 70 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 9.4 ಕಿ.ಮೀ. ಸೈಕಲ್ ಸೇರಿ 80 ಕೆ.ಜಿ. ಇದ್ದರೆ ಶೇ 10ರ ಏರಿನಲ್ಲಿ ಆ ವೇಗಕ್ಕೆ ಹೆಚ್ಚುಕಡಿಮೆ 215 ವಾಟ್ ಬೇಕು. 52/36 ಚೈನ್‌ರಿಂಗ್ ಮತ್ತು 28ರ ಕ್ಯಾಸೆಟ್ ಇದ್ದರೆ ಅದೇ ವೇಗಕ್ಕೆ ನಿಮಿಷಕ್ಕೆ 58 ಸುತ್ತಿಗೆ ಇಳಿಯುತ್ತೀರಿ. ಶಕ್ತಿ ಅಷ್ಟೇ ಖರ್ಚಾದರೂ ಪ್ರತಿ ತುಳಿತದ ಭಾರ ಹೆಚ್ಚಿ ಮಂಡಿ ನೋಯಲು ಶುರುವಾಗುತ್ತದೆ. ಟೈರ್ 28 ಮಿ.ಮೀ.ಗಿಂತ ಸಣ್ಣದು ಬೇಡ. ನಿಮ್ಮ ತೂಕ 70 ಕೆ.ಜಿ. ಆಸುಪಾಸಿನಲ್ಲಿದ್ದರೆ ಮುಂದೆ 4.5 ಬಾರ್, ಹಿಂದೆ 4.8 ಬಾರ್ ಸಾಕು. ನಮ್ಮ ಪಂಪಿನ ಲೆಕ್ಕದಲ್ಲಿ 65 ಮತ್ತು 70 ಪಿಎಸ್‌ಐ. ಪೆಡಲ್, ಶೂ, ಹೆಲ್ಮೆಟ್ ಮನೆಯಿಂದಲೇ ಒಯ್ಯಿರಿ. ಸೀಟಿನ ಎತ್ತರವನ್ನು ಕ್ರ್ಯಾಂಕಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗೆ ಮಿಲಿಮೀಟರ್‌ನಲ್ಲಿ ಅಳೆದು ಬರೆದುಕೊಂಡು ಹೋಗಿ. ಅಂಗಡಿಯವರು ಕೊಡುವ ಬಿಡಿ ಟ್ಯೂಬಿನ ವಾಲ್ವ್ ಉದ್ದ ನೋಡಿ: ರಿಮ್ ಎತ್ತರ 50 ಮಿ.ಮೀ. ಇದ್ದು ಟ್ಯೂಬಿನ ವಾಲ್ವ್ 48 ಮಿ.ಮೀ. ಇದ್ದರೆ ಅದು ರಿಮ್ಮಿನಿಂದ ಆಚೆಗೇ ಬರುವುದಿಲ್ಲ, ಪಂಪ್ ಹಾಕಲಾಗದೆ ಕಾಡಿನಲ್ಲಿ ನಿಲ್ಲುತ್ತೀರಿ.

ಬಾರ್ಸಿಲೋನಾದ ಸಾಂಟ್ಸ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಜಿರೋನಾ ಸುಮಾರು 40 ನಿಮಿಷ. ಹಳೇ ಊರಿನೊಳಗೆ, ಅಂದರೆ ಕ್ಯಾಥೆಡ್ರಲ್ ಸುತ್ತಲಿನ ಕಲ್ಲುಹಾಸಿನ ಓಣಿಗಳಲ್ಲಿ, ಸೈಕಲ್ ತಳ್ಳಿಕೊಂಡೇ ನಡೆಯಿರಿ. ಕಲ್ಲು ನುಣುಪು, ಎಲ್ಲಿ ಮೆಟ್ಟಿಲು ಎದುರಾಗುತ್ತದೋ ಹೇಳಲಾಗದು.

ಮೊದಲ ದಿನ ಗಾವಾರೆಸ್ ಕಾಡಿನ ಸುತ್ತು, ಸುಮಾರು 60 ಕಿ.ಮೀ. ಊರಿನ ಪೂರ್ವಕ್ಕೆ ಎಲ್ಸ್ ಆಂಜಲ್ಸ್ ಏರು. ಸುಮಾರು 10 ಕಿ.ಮೀ., ಸರಾಸರಿ ಶೇ 4ರ ಒಳಗೆ, ತುದಿ 485 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಪುಟ್ಟ ಚರ್ಚಿನಲ್ಲೇ 1958ರಲ್ಲಿ ಸಾಲ್ವಡೋರ್ ಡಾಲಿ ಮತ್ತು ಗಾಲಾ ಮದುವೆಯಾದದ್ದು. ಅಲ್ಲಿಂದ ಮದ್ರೆಮಾನ್ಯಾಕ್ಕೆ ಇಳಿದು, ಮೊನೆಲ್ಸ್‌ನ ಕಮಾನುಗಳ ಚೌಕದಲ್ಲಿ ನೀರು ಕುಡಿದು, ಕ್ರುಯೀಲ್ಯೆಸ್ ದಾಟಿ ಜಿಐ-664 ರಸ್ತೆಯಲ್ಲಿ ಸಾಂತಾ ಪೆಲಾಯಾ ಹತ್ತಿ, ಕಾಸ್ಸಾ ದೆ ಲಾ ಸೆಲ್ವಾಕ್ಕೆ ಇಳಿಯಿರಿ. ಕಾಸ್ಸಾದಿಂದ ಕ್ವಾರ್ಟ್ ಮೂಲಕ ವಾಪಸು. ನನ್ನ ಮಟ್ಟಿಗೆ ಇಡೀ ಪ್ರದೇಶದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇಕ್ಕೆಲದಲ್ಲೂ ಕಾರ್ಕ್ ಓಕ್ ಮರಗಳು. ತೊಗಟೆ ಸುಲಿದ ಮರದ ಕೆಳಭಾಗ ಹೊಸದಾಗಿದ್ದಾಗ ಕೆಂಪು ಮಿಶ್ರಿತ ಕಿತ್ತಳೆ, ವರ್ಷ ಕಳೆದಂತೆ ಕಡುಕಂದು. ಸುಲಿದ ಗೆರೆಯ ಮೇಲೆ ಮಾತ್ರ ಬೂದುಬಣ್ಣದ ದಪ್ಪ ಸಿಪ್ಪೆ ಉಳಿದಿರುತ್ತದೆ. ಏರುವಾಗ ನಿಧಾನವಿರುವುದರಿಂದ ಇದನ್ನೆಲ್ಲ ಚೆನ್ನಾಗಿ ನೋಡಬಹುದು. ಇಳಿಯುವಾಗ ಮಾತ್ರ ಕಣ್ಣು ರಸ್ತೆಯ ಮೇಲಿರಲಿ: ನೆರಳಿನ ತಿರುವುಗಳಲ್ಲಿ ಬೆಳಗಿನ ತೇವ ಬೇಗ ಆರುವುದಿಲ್ಲ, ಒದ್ದೆ ಎಲೆಯ ಮೇಲೆ ಟೈರ್ ಹಿಡಿತ ಬಿಡುತ್ತದೆ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು ಮುಗಿಸಿ, ತಿರುವಿನೊಳಗೆ ಬಿಡಿ.

ಎರಡನೇ ದಿನ ರೊಕಕೊರ್ಬಾ. ಬ್ರೇಕು ಕೈಗೆ ಒಗ್ಗಿರುತ್ತದೆ, ಕಾಲು ಇನ್ನೂ ತಾಜಾ ಇರುತ್ತದೆ. ಸಿ-66 ಹೆದ್ದಾರಿ ಬಿಟ್ಟು ಕಾಮೋಸ್ ಮೂಲಕ ಬನ್ಯೋಲೆಸ್‌ಗೆ ಹೋಗಿ. 1992ರ ಒಲಿಂಪಿಕ್ಸ್‌ನ ರೋಯಿಂಗ್ ನಡೆದ ಸರೋವರದ ಊರು ಅದು. ಅಲ್ಲಿ ಎರಡೂ ಬಾಟಲಿ ತುಂಬಿಸಿ, ಮೇಲೆ ಅಂಗಡಿ ಇಲ್ಲ. ಸರೋವರದಿಂದ ತುದಿಗೆ 13-14 ಕಿ.ಮೀ., ಏರಿಕೆ 750 ಮೀಟರ್‌ಗೂ ಹೆಚ್ಚು. ಶುರುವಿನ ಕೆಲವು ಕಿಲೋಮೀಟರ್ ಏರೇ ಅಲ್ಲ ಎನಿಸಿ ಮೋಸ ಮಾಡುತ್ತವೆ. ಕೊನೆಯ 10 ಕಿ.ಮೀ. ಸರಾಸರಿ ಶೇ 7ರ ಹತ್ತಿರ, ಮಧ್ಯೆ ಅಲ್ಲಲ್ಲಿ ಎರಡಂಕಿ. ನಂದಿಯಲ್ಲಿ ಕಡಿದಾದ ತಿರುವು ಬಂದಾಗ ಎದ್ದು ನಿಂತು ತುಳಿದು ಮುಗಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಆ ತಿರುವಿನ ಆಚೆಗೂ ಕಡಿದೇ ಇರುತ್ತದೆ. ಮೊದಲ ಅರ್ಧವನ್ನು ಪೂರ್ತಿ ವಾಕ್ಯ ಮಾತಾಡಬಲ್ಲಷ್ಟು ಉಸಿರಿನಲ್ಲಿ ಹತ್ತಿ. ತುದಿಯಲ್ಲಿ ಆಂಟೆನಾಗಳಿವೆ, ರಸ್ತೆ ಅಲ್ಲಿಗೆ ಮುಗಿಯುತ್ತದೆ, ಬಂದ ದಾರಿಯಲ್ಲೇ ಇಳಿಯಬೇಕು. ಕೆಳಗೆ 22 ಡಿಗ್ರಿ ಇದ್ದರೂ ಬೆವರಿದ ಮೈಗೆ ಮೇಲಿನ ಗಾಳಿ ಚಳಿ ಹುಟ್ಟಿಸುತ್ತದೆ. ತೋಳಿಲ್ಲದ ತೆಳು ಜಾಕೆಟ್ ಜೇಬಿನಲ್ಲಿರಲಿ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗದು.

ಮೂರನೇ ದಿನ ಕರಾವಳಿ: ಯಾಗೊಸ್ಟೆರಾ, ತೊಸ್ಸಾ ದೆ ಮಾರ್, ಅಲ್ಲಿಂದ ಜಿಐ-682 ಹಿಡಿದು ಸಾಂತ್ ಫೆಲಿಯು ದೆ ಗೀಶೊಲ್ಸ್, ವಾಪಸು. ಸುಮಾರು 100 ಕಿ.ಮೀ. ತೊಸ್ಸಾದಿಂದ ಉತ್ತರಕ್ಕೆ ಹೋದರೆ ನೀವು ಓಡಿಸುವ ಬಲಬದಿಯೇ ಸಮುದ್ರದ ಬದಿ, ನೋಟಕ್ಕೆ ಏನೂ ಅಡ್ಡ ಬರುವುದಿಲ್ಲ. ಶನಿವಾರ, ಭಾನುವಾರ ಬೇಡ, ಆ ತಿರುವುಗಳಿಗೆಂದೇ ಮೋಟಾರ್‌ಸೈಕಲ್‌ನವರು ಬರುತ್ತಾರೆ.

ನಾಲ್ಕನೇ ದಿನವನ್ನು ಖಾಲಿ ಇಟ್ಟುಕೊಳ್ಳಿ. ಉತ್ತರದಿಂದ ಬೀಸುವ ತ್ರಾಮುಂತಾನಾ ಗಾಳಿ ಎದ್ದರೆ ಎಂಪೊರ್ದಾ ಬಯಲಿನಲ್ಲಿ ಯೋಜನೆಯೆಲ್ಲ ತಲೆಕೆಳಗಾಗುತ್ತದೆ. ಗಾಳಿ ಕಡಿಮೆ ಇದ್ದರೆ ಪೆರತಾಯಾದ, ಪಾಲ್ಸ್ ಎಂಬ ಕಲ್ಲಿನ ಹಳ್ಳಿಗಳ ಕಡೆ ಹೋಗಿ. ಸಾಧಾರಣ ಗಾಳಿಯಾದರೆ ಮೊದಲರ್ಧ ಗಾಳಿಗೆ ಎದುರಾಗಿ, ವಾಪಸಾಗುವಾಗ ಬೆನ್ನಿಗೆ ಗಾಳಿ ಇರುವಂತೆ ದಾರಿ ಆರಿಸಿ. ಮರಗಳೇ ಬಾಗುವಷ್ಟು ಜೋರಿದ್ದರೆ ಬಯಲು ಬಿಟ್ಟು ಮತ್ತೆ ಗಾವಾರೆಸ್ ಕಾಡಿಗೇ ಹೋಗಿ. ಅಂಥ ದಿನ ಎತ್ತರದ ರಿಮ್ ಇರುವ ಮುಂದಿನ ಚಕ್ರ ಅಡ್ಡಗಾಳಿಗೆ ಹ್ಯಾಂಡಲ್ ಎಳೆಯುತ್ತದೆ.

ಊಟದ ವಿಷಯ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಎರಡರಿಂದ ಐದರವರೆಗೆ ಮುಚ್ಚಿರುವುದು ಸಾಮಾನ್ಯ, ಭಾನುವಾರ ಸೂಪರ್ ಮಾರ್ಕೆಟ್ ಕೂಡ ಬಹುತೇಕ ಇಲ್ಲ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಹೊರಟು ಒಂದೂವರೆಗೆ ಊಟಕ್ಕೆ ಕೂರುವಂತೆ ನೋಡಿಕೊಳ್ಳಿ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್, 500ರಿಂದ 750 ಮಿ.ಲೀ. ನೀರು ಲೆಕ್ಕ ಇಟ್ಟುಕೊಳ್ಳಿ. ಕಡಲೆಕಾಯಿ ಚಿಕ್ಕಿ ಮನೆಯಿಂದ ಒಯ್ಯಬಹುದು. ಪೇಡ, ಪನೀರ್ ಬೇಡ, ಹೊರದೇಶದಿಂದ ಹಾಲಿನ ಪದಾರ್ಥ ತರಲು ಯುರೋಪಿಯನ್ ಒಕ್ಕೂಟದಲ್ಲಿ ನಿರ್ಬಂಧವಿದೆ. ಸಸ್ಯಾಹಾರಿಯಾದರೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ ಬ್ರೆಡ್, ಚೀಸ್ ಬ್ರೆಡ್ ಎಲ್ಲೆಡೆ ಸಿಗುತ್ತದೆ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಹ್ಯಾಮ್ ಅಥವಾ ಟ್ಯೂನಾ ಮೀನು ಬರಬಹುದು, ಎರಡನ್ನೂ ಹೆಸರಿಸಿ ಬೇಡವೆನ್ನಿ. ಆಲೂಗಡ್ಡೆ ಆಮ್ಲೆಟ್‌ನಲ್ಲಿ ಮೊಟ್ಟೆ ಇರುತ್ತದೆ. ಹಳ್ಳಿಯ ನಲ್ಲಿಯ ಮೇಲೆ "ನೋ ಪೊತಾಬ್ಲೆ" (ಕುಡಿಯಲು ಯೋಗ್ಯವಲ್ಲ) ಎಂಬ ಫಲಕವಿದ್ದರೆ ಕುಡಿಯಬೇಡಿ.

ಕಾನೂನು: ಊರ ಹೊರಗಿನ ರಸ್ತೆಯಲ್ಲಿ ಹೆಲ್ಮೆಟ್ ಕಡ್ಡಾಯ, ಇಯರ್‌ಫೋನ್ ನಿಷಿದ್ಧ, ಮದ್ಯದ ಮಿತಿ ಸೈಕಲ್ ಸವಾರರಿಗೂ ಅನ್ವಯ. ಹಿಂದಿಕ್ಕುವ ವಾಹನ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕು, ಹೆಚ್ಚಿನವರು ಬಿಡುತ್ತಾರೆ. ಇಬ್ಬರು ಜೊತೆಯಾಗಿ ಹೋಗಬಹುದು, ಆದರೆ ಮುಂದೆ ಕಾಣದ ತಿರುವಿನಲ್ಲಿ ಒಬ್ಬರ ಹಿಂದೊಬ್ಬರಾಗಿ. ತುರ್ತು ಸಂಖ್ಯೆ 112. ಹೊರಡುವ ಮುಂಚೆ ಪ್ರಯಾಣ ವಿಮೆಯ ಪತ್ರ ತೆಗೆದು ಸೈಕಲ್ ಸವಾರಿಯನ್ನು ಹೊರಗಿಟ್ಟಿದ್ದಾರೆಯೇ ಓದಿ. ಬಾಡಿಗೆ ಸೈಕಲ್‌ನ ಹಾನಿಗೆ ಅಂಗಡಿಯವರು ಪ್ರತ್ಯೇಕ ವಿಮೆ ಕೊಟ್ಟರೆ, ಅದು ಬಿದ್ದು ಆದ ಹಾನಿಗೂ ಸೇರಿದೆಯೇ ಅಥವಾ ಕಳ್ಳತನಕ್ಕೆ ಮಾತ್ರವೇ ಎಂದು ಸಹಿ ಹಾಕುವ ಮುಂಚೆ ಕೇಳಿ.