ಅಣು, ಪರಮಾಣು: ಗೊಂದಲ ಹುಟ್ಟುವುದು ಪದದಲ್ಲೇ

ಟೀಚರ್, ಏಳನೇ ತರಗತಿಯ ಮಕ್ಕಳು ಅಣು, ಪರಮಾಣು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದು ಮಕ್ಕಳ ತಪ್ಪಲ್ಲ. 'ಕೈಗಾ ಅಣು ವಿದ್ಯುತ್ ಸ್ಥಾವರ' ಅಂತ ಪೇಪರಿನಲ್ಲಿ ಓದಿದ ಮಗುವಿಗೆ ಅಣು ಅಂದರೆ ಪರಮಾಣುವೇ. ಮೊದಲು ಆ ಗಂಟು ಬಿಡಿಸಿ: ಪಾಠದಲ್ಲಿ ಪರಮಾಣು ಅಂದರೆ ಬಿಡಿ ಕಣ (atom), ಅಣು ಅಂದರೆ ಪರಮಾಣುಗಳು ಅಂಟಿಕೊಂಡು ಆದ ಗುಂಪು (molecule).

ಮಂಗಳೂರಿನ ನಮ್ಮ ಶಾಲೆಗೆ ನಾನು ಹುಣಸೆ ಬೀಜ, ಹೆಸರುಕಾಳು, ಒಂದು ಉಂಡೆ ಕಲಸಿದ ಗೋಧಿಹಿಟ್ಟು ಒಯ್ಯುತ್ತೇನೆ. ಹುಣಸೆ ಬೀಜ ಆಮ್ಲಜನಕ, ಹೆಸರುಕಾಳು ಜಲಜನಕ. ಒಂದು ಬೀಜಕ್ಕೆ ಎರಡು ಕಾಳು ಅಂಟಿಸಿದರೆ ನೀರಿನ ಅಣು. ಇದು ಬೇಗ ಹೊಳೆಯುತ್ತದೆ. ಆಮೇಲೆ ಬರೀ ಎರಡು ಹುಣಸೆ ಬೀಜ ಅಂಟಿಸಿ, "ಇದು ಧಾತುವೋ, ಅಣುವೋ?" ಅಂತ ಕೇಳಿ ಸುಮ್ಮನಿರಿ. ಗಲಾಟೆ ಆಗಲಿ, ಪಾಠ ಇರುವುದೇ ಅಲ್ಲಿ. ಎರಡೂ ಹೌದು: ಪರಮಾಣುಗಳೆಲ್ಲ ಒಂದೇ ಜಾತಿ, ಹಾಗಾಗಿ ಧಾತು, ಒಂದಕ್ಕೊಂದು ಅಂಟಿಕೊಂಡು ಉಂಟು, ಹಾಗಾಗಿ ಅಣು. ಮೂರನೇ ಬೀಜ ಅಂಟಿಸಿದರೆ ಓಝೋನ್.

'ಉಪ್ಪಿನ ಅಣು' ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಉಪ್ಪಿನ ಹರಳಿನಲ್ಲಿ ಬಿಡಿ ಅಣುಗಳಿಲ್ಲ; ಸೋಡಿಯಂ, ಕ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಸಾಲುಸಾಲಾಗಿ ಜೋಡಿಸಿಕೊಂಡಿರುತ್ತವೆ. ಪಣಂಬೂರಿನ ಕಡಲ ನೀರನ್ನು ತಟ್ಟೆಯಲ್ಲಿ ಬಿಸಿಲಿಗಿಟ್ಟು, ಉಳಿದ ಹರಳುಗಳನ್ನು ಭೂತಗನ್ನಡಿಯಲ್ಲಿ ತೋರಿಸಿ. ಪುಟ್ಟ ಪುಟ್ಟ ಚೌಕದ ಪೆಟ್ಟಿಗೆಗಳು ಮಕ್ಕಳಿಗೇ ಕಾಣುತ್ತವೆ.