ಗಂಡಸರ ಪ್ರೊಫೆಷನಲ್ ಟೀಮಲ್ಲಿ ಆಡಿದ ಮೊದಲ ಕಪ್ಪು ಮಹಿಳೆ ಯಾರು?

ಬೇಸ್‌ಬಾಲ್ ಬಗ್ಗೆ ಕೇಳ್ತಿದ್ರೆ ಟೋನಿ ಸ್ಟೋನ್. ಅಮೆರಿಕದಲ್ಲಿ ಹೆಂಗಸರಿಗೇ ಅಂತ 1943ರಲ್ಲೇ ಒಂದು ಲೀಗ್ ಶುರುವಾಗಿತ್ತು, ಆದ್ರೆ ಅಲ್ಲಿ ಕಪ್ಪು ಹುಡುಗೀರನ್ನ ತಗೋತಾನೇ ಇರ್ಲಿಲ್ಲ, ಹಂಗಾಗಿ ಈಕೆಗೆ ಉಳಿದಿದ್ದು ಕಪ್ಪು ಗಂಡಸರ ನೀಗ್ರೋ ಲೀಗ್ ಒಂದೇ. 1953ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ಟೀಮ್ ಸೇರಿ ಸೆಕೆಂಡ್ ಬೇಸಲ್ಲಿ (ರನ್ ಓಡೋರು ದಾಟಬೇಕಾದ ಎರಡನೇ ನೆಲೆ ಹತ್ರ ಫೀಲ್ಡಿಂಗ್) ಆಡಿದ್ರು. ಅದಕ್ಕೆ ಒಂದು ವರ್ಷ ಮುಂಚೆ ತನಕ ಅದೇ ಟೀಮಲ್ಲಿ ಇದ್ದೋರು ಹ್ಯಾಂಕ್ ಆರನ್, ಮುಂದೆ 755 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದ್ರಲ್ಲ ಅವ್ರೇ. ಜನ ಸೆಳೆಯೋಕೆ ಸ್ಕರ್ಟ್ ಹಾಕ್ಕೊಂಡು ಆಡಮ್ಮ ಅಂತ ಟೀಮಿನೋರು ಹೇಳಿದ್ರೆ ಟೋನಿ ಖಡಾಖಂಡಿತ ಆಗಲ್ಲ ಅಂದ್ಬಿಟ್ರು, ಗಂಡಸರ ಯೂನಿಫಾರ್ಮಲ್ಲೇ ಇಳಿದ್ರು, ನನಗೆ ತುಂಬಾ ಇಷ್ಟ ಆಗೋದೇ ಇದು. ಎದುರಾಳಿಗಳು ಓಡಿ ಬರ್ತಾ ಬೇಕಂತಲೇ ಶೂ ಮೊಳೆ ತಾಗಿಸೋರು, ಸ್ವಂತ ಟೀಮಿನೋರ ಚುಚ್ಚು ಮಾತು ಬೇರೆ, ಕಪ್ಪು ಜನರಿಗೆ ಹೋಟೆಲಲ್ಲಿ ರೂಮೇ ಸಿಗದ ಊರುಗಳು ಎಷ್ಟೋ, ಅದೆಲ್ಲಾ ನುಂಗ್ಕೊಂಡು ಆಡ್ತಿದ್ರು. 1954ರಲ್ಲಿ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ಅನ್ನೋ ಇನ್ನೊಂದು ನೀಗ್ರೋ ಲೀಗ್ ಟೀಮಿಗೆ ಹೋದ್ರು, ಅಲ್ಲಿ ಬೆಂಚಲ್ಲಿ ಕೂರಿಸಿದ್ದೇ ಜಾಸ್ತಿ, ಆ ಸೀಸನ್ ಮುಗಿದ ಮೇಲೆ ಪ್ರೊಫೆಷನಲ್ ಆಟಾನೇ ಬಿಟ್ಬಿಟ್ರು. ಆದ್ರೆ ಅಷ್ಟರಲ್ಲಿ ಕ್ಲೌನ್ಸ್ ಟೀಮು ಪಿಚರ್ (ಚೆಂಡು ಎಸೆಯೋರು) ಮೇಮಿ ಜಾನ್ಸನ್, ಕಾನಿ ಮಾರ್ಗನ್ ಅಂತ ಇನ್ನಿಬ್ಬರು ಹೆಂಗಸರನ್ನೂ ತಗೊಂಡಿತ್ತು.