ಪ್ರಸಾದವೋ ನೀರೋ? ಮೊದಲು ಹೊತ್ತು ನೋಡಿ

ಸಕಲೇಶಪುರದ ಕಡೆ ಜಾತ್ರೆ ಊಟ ಆದಮೇಲೆ ಹಲವರಿಗೆ ಒಟ್ಟಿಗೆ ವಾಂತಿ, ಪ್ರಸಾದದಿಂದಲೋ ನೀರಿನಿಂದಲೋ ಎಂದು ಕೇಳಿದ್ದೀರಿ. ಉಂಡ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾದರೆ ಜಾಸ್ತಿ ಅನುಮಾನ ಹೊತ್ತುಗಟ್ಟಲೆ ಇಟ್ಟ ಅನ್ನದ ಮೇಲೆ. ಮಾರನೇ ದಿನ ಜ್ವರ, ಭೇದಿ ಬಂದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಜೊಲ್ಲು, ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗಿದ್ದರೆ ಕೀಟನಾಶಕ ಸೇರಿರಬಹುದು, ದಯವಿಟ್ಟು ತಕ್ಷಣ ಆಸ್ಪತ್ರೆಗೆ ಓಡಿ. 2018ರಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿ ದೇವಸ್ಥಾನದ ಪ್ರಸಾದದಲ್ಲಿದ್ದದ್ದು ಕೀಟನಾಶಕವೇ, 17 ಜನ ತೀರಿಕೊಂಡರು.

ಕಾಯಿಲೆ ಬಿದ್ದವರನ್ನಷ್ಟೇ ಕೇಳಿದರೆ ಸಾಲದು. ಪ್ರಸಾದ ಮುಟ್ಟದೆ ನೀರು ಮಾತ್ರ ಕುಡಿದವರು ಹೇಗಿದ್ದಾರೆ? ಅಲ್ಲೇ ಸುಳಿವು ಸಿಗುತ್ತದೆ. ತೋಟದ ಔಷಧಿ ಕ್ಯಾನಿನಲ್ಲಿ ನೀರು ತಂದಿದ್ದರಾ, ಅದನ್ನೂ ವಿಚಾರಿಸಿ. ಕೊಪ್ಪರಿಗೆ ತೊಳೆಯೋಕೆ ಮಾತ್ರ ಬಿಡಬೇಡಿ. ಉಳಿದದ್ದನ್ನು ಆರೋಗ್ಯ ಇಲಾಖೆಯವರು ಬರುವವರೆಗೆ ಹಾಗೇ ಮುಚ್ಚಿಡಿ.